ನಂದಿನಿಯ ಫೋಟೋ ಹೋದ ಮನೆಗಳು

ಊಟಿ ಸೀಮೆಯ ಕೂಕಲ್ತೊರೈ ಪಕ್ಕದ ಹಟ್ಟಿಯ ಸರೋಜಾಳಿಗೆ ಚಿಕ್ಕಂದಿನಿಂದಲೂ ಒಂದು ಅಭ್ಯಾಸ. ಏನನ್ನೇ ಕಂಡರೂ ಅದರ ಹಿಂದೆ ಏನಿದೆ ಎಂದು ಕೇಳಬೇಕು. ಚಹಾ ಎಲೆ ತೂಗುವ ತಕ್ಕಡಿಯ ಮುಳ್ಳು ನಿಲ್ಲುವ ಮೊದಲು ಯಾಕೆ ನಡುಗುತ್ತದೆ, ಮಂಜು ಇಳಿದ ದಿನ ಫೋನಿನಲ್ಲಿ ಯಾಕೆ ಗರಗರ ಸದ್ದು ಬರುತ್ತದೆ, ಎಂಬಂಥ ಪ್ರಶ್ನೆಗಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತವರು ಹಟ್ಟಿಗೆ ಮರಳಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಎಲೆ ಶೆಡ್ಡಿನಲ್ಲಿ ತೂಕ ಬರೆಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ಗುಡಿಗೆ ದೀಪ ಇಟ್ಟು ಬಂದು ಕೂತರೆ ಸಂಜೆಯವರೆಗೂ ಬಂದವರ ಮಾತು ಕೇಳುವುದು, ನಡುವೆ ತಾನೊಂದು ಪ್ರಶ್ನೆ ಹಾಕುವುದು. ಹೀಗೆ ವರ್ಷಗಳು ಕಳೆದವು.

ಎರಡು ಸಾವಿರದ ಮೂರರಲ್ಲಿ ಸಣ್ಣ ಬೆಳೆಗಾರರ ಸಂಘದವರು ಶೆಡ್ಡಿನ ಮೇಲಿನ ಕೋಣೆಗೆ ಒಂದು ಕಂಪ್ಯೂಟರ್ ತಂದಿಟ್ಟರು. ಕೂನೂರಿನ ಚಹಾ ಹರಾಜಿನ ದರ ಬೇಗ ತಿಳಿಯಲಿ ಎಂಬುದು ಸಂಘದ ಕಾರ್ಯದರ್ಶಿ ಮಹಾಲಿಂಗಂ ಅವರ ಆಸೆ. ಆದರೆ ಅದರ ಮುಂದೆ ಕೂರುವವರು ಯಾರು? ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸರೋಜಾ, ಪ್ರಶ್ನೆ ಕೇಳಿ ಕೇಳಿ ನಮ್ಮ ತಲೆ ತಿಂದಿದ್ದು ಸಾಕು. ಇನ್ನು ಅದರ ತಲೆ ತಿನ್ನು" ಎಂದರು ಮಹಾಲಿಂಗಂ.

ಆಕೆ ತಿಂದಳು. ಕಲಿಸುವವರು ಯಾರೂ ಇರಲಿಲ್ಲ. ಒಂದೊಂದೇ ಗುಂಡಿ ಒತ್ತಿ, ಏನಾಯಿತು ಎಂದು ನೋಡಿ, ಅರ್ಥವಾಗದ ಪದಕ್ಕೆ ಡಿಕ್ಷನರಿ ತೆಗೆದು ಕಲಿತಳು. ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಹಿಡಿದದ್ದು ಇ‑ಮೇಲ್. ಕಳಿಸು ಎಂದು ಒತ್ತಿದ ಪತ್ರ ಮೊದಲು ಔಟ್‌ಬಾಕ್ಸಿನಲ್ಲಿ ಬಾಗಿಲ ಬಳಿ ಕಾಯುವವರ ಹಾಗೆ ನಿಲ್ಲುತ್ತದೆ. ಫೋನ್ ಲೈನ್ ಕೀಚ್‌ಕೀಚ್ ಎಂದು ಕೂಗಿ ದಾರಿ ಸಿಕ್ಕಿದ ಮೇಲೆ ಹೊರಡುತ್ತದೆ. ಹೊರಟ ಮೇಲೂ ಅದರದೇ ಒಂದು ಪ್ರತಿ 'ಕಳಿಸಿದವು' ಎಂಬ ಜಾಗದಲ್ಲಿ ಉಳಿದಿರುತ್ತದೆ. ಹೋದದ್ದು ಇಲ್ಲಿಯೂ ಇದೆ, ಅಲ್ಲಿಯೂ ಇದೆ! ಈ ಮಾತನ್ನು ಅವಳು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದಳು.

ಹಟ್ಟಿಯವರ ಪತ್ರಗಳೆಲ್ಲ ಆ ಒಂದೇ ವಿಳಾಸಕ್ಕೆ ಬರತೊಡಗಿದವು. ಸರೋಜಾ ಪ್ರತಿ ಮನೆಗೂ ಒಂದೊಂದು ಫೋಲ್ಡರ್ ಮಾಡಿದಳು. ವಿಳಾಸಗಳನ್ನು ಕೂಡಿಸಿಡುವ ಪುಸ್ತಕವೂ ಆ ಪ್ರೋಗ್ರಾಮಿನಲ್ಲೇ ಇತ್ತು. ಅದರಲ್ಲಿ ಹೆಸರು ಹಾಕಿಟ್ಟರೆ ಹುಡುಕುವುದೇ ಕಷ್ಟವಾಯಿತು. ತಾತನ ಹೆಸರು ಮೊಮ್ಮಗನಿಗೆ ಇಡುವ ಸೀಮೆ ಅದು. ಬೆಟ್ಟದ ತುಂಬ ನಂಜಂದಿರು, ದೇವಂದಿರು. ಆದ್ದರಿಂದ ಅವಳು ತನಗೆ ತಿಳಿದ ದಾರಿ ಹಿಡಿದಳು. ಹೆಸರಿನ ಜೊತೆಗೆ ಹಟ್ಟಿ ಸೇರಿಸಿದಳು. ಆಮೇಲೆ ಎಲ್ಲರನ್ನೂ ಎರಡು ಗುಂಪು ಮಾಡಿದಳು. ಅಣ್ಣ, ದೊಡ್ಡಪ್ಪ, ಚಿಕ್ಕಪ್ಪ ಎಂದು ಕರೆಯುವವರು ಒಂದು ಕಡೆ. ಮಾಮ, ಬಾವ ಎಂದು ಕರೆಯುವವರು ಇನ್ನೊಂದು ಕಡೆ. ಮೊದಲನೆಯವರು ಅಣ್ಣತಮ್ಮ ಹಟ್ಟಿಗಳವರು. ಒಂದೇ ಮೂಲದ ರಕ್ತವಾದ್ದರಿಂದ ಅಲ್ಲಿ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಎರಡನೆಯವರು ನೆಂಟಸ್ತನ ಬೆಳೆಸುವ ಹಟ್ಟಿಗಳವರು. ಬೆಟ್ಟದಲ್ಲಿ ಹುಟ್ಟಿದ ಮಗುವಿಗೂ ಈ ಗೆರೆ ಗೊತ್ತು.

ಎಲ್ಲ ಸರಿಯಾಗಿಯೇ ಇತ್ತು. ಒಂದು ದುರಭ್ಯಾಸ ಮಾತ್ರ ಅಂಟಿಕೊಂಡಿತು. ಹೊಸ ಪತ್ರಕ್ಕೆ ಹೊಸ ಹಾಳೆ ತೆರೆಯುವ ಬದಲು ಅವಳು ಹಳೆಯ ಪತ್ರವೊಂದನ್ನು ತೆರೆದು, ಒಳಗಿನ ಬರಹ ಅಳಿಸಿ, ಅದರಲ್ಲೇ ಬರೆದು ಕಳಿಸುತ್ತಿದ್ದಳು. ಹಳೆ ಲಕೋಟೆಯನ್ನು ಬಿಚ್ಚಿ ಮಗುಚಿ ಅಂಟಿಸಿ ಬಳಸಿದ ಮನೆಯ ಹುಡುಗಿ. ಕಂಪ್ಯೂಟರಿನಲ್ಲಿ ಹಾಳೆಗೆ ಬರವಿಲ್ಲ ಎಂಬುದು ಅವಳ ಕೈಗೆ ಇನ್ನೂ ತಿಳಿದಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕೆಂಪಿ ಮೆಟ್ಟಿಲು ಹತ್ತಿ ಬಂದಳು. ಸರೋಜಾಳಿಗೆ ವರಸೆಯಲ್ಲಿ ಅತ್ತಿಗೆ. ಹಿಂದೆಯೇ ಮಗಳು ನಂದಿನಿ, ಕೋತಗಿರಿಯ ಶಾಲೆಯಲ್ಲಿ ಟೀಚರ್. ನಂಜನಾಡು ಕಡೆಯ ನಂಜ ಎಂಬವರ ಮಗ ಯೋಗೇಶ್‌ಗೆ ನಂದಿನಿಯನ್ನು ಕೇಳಿದ್ದರು. ಹುಡುಗನಿಗೆ ಗೂಡಲೂರಿನಲ್ಲಿ ವಿದ್ಯುತ್ ಇಲಾಖೆಯ ಕೆಲಸ. ಒಳ್ಳೆಯ ಮನೆ, ಕ್ಯಾರೆಟ್ ಬೆಳೆಯುವ ಹೊಲ. ಕೆಂಪಿಗೆ ಈ ಸಂಬಂಧ ಆಗಲೇಬೇಕು ಎಂಬ ಆಸೆ. ಮೊದಲು ಹುಡುಗಿಯ ಫೋಟೋ ಕಳಿಸಿ ಎಂದಿದ್ದರು.

"ಜೋಪಾನ ಸರೋಜಾ" ಎಂದು ಕೆಂಪಿ ಸೆರಗಿನಿಂದ ಫ್ಲಾಪಿ ತೆಗೆದಳು. "ಸ್ಟುಡಿಯೋದವನು ಇದರೊಳಗೆ ನಂದಿನಿ ಇದ್ದಾಳೆ ಅಂದ."

"ಒಳಗೆ ಉಸಿರು ಕಟ್ಟುತ್ತೆ, ಬೇಗ ಬಿಡಿಸು ಅತ್ತೆ" ಎಂದಳು ನಂದಿನಿ.

ಹಿಂದೆ ಬಣ್ಣದ ಜಲಪಾತದ ಪರದೆ, ಮುಂದೆ ಕತ್ತು ಓರೆ ಮಾಡಿದ ನಂದಿನಿ. ಸರೋಜಾ ಹಳೆಯ ಪತ್ರವೊಂದನ್ನು ತೆರೆದಳು. ಬರಹ ಅಳಿಸಿ, 'ನಮ್ಮ ಹುಡುಗಿಯ ಫೋಟೋ ಕಳಿಸಿದ್ದೇವೆ, ನೋಡಿ ನಿಮ್ಮ ಒಪ್ಪಿಗೆ ತಿಳಿಸಿ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಟ್ಟಿಯ ಮಾತನ್ನೇ ಬರೆದಳು. ನಂಜರ ವಿಳಾಸ ಸೇರಿಸಿದಳು. ಫೋಟೋ ಲಗತ್ತಿಸಿದಳು. ಪತ್ರದ ಮೇಲೆ ಪಿನ್ನಿನ ಚಿತ್ರ ಮೂಡಿತು. ಕೈಮುಗಿದು ಒತ್ತಿದಳು.

ಕೆಳಗಿನಿಂದ ಮಹಾಲಿಂಗಂ ಕೂಗಿದರು: "ಫೋನ್ ಬಿಡಮ್ಮ! ಲಾರಿಗೆ ಹೇಳಬೇಕು, ಎಲೆ ಬಾಡ್ತಾ ಇದೆ!"

ಮರುದಿನ ಪೆಟ್ಟಿಗೆ ತೆರೆದರೆ ಒಂದರ ಕೆಳಗೊಂದು ಉತ್ತರ. ನಂಜರದಲ್ಲ. ಮೊದಲನೆಯದು ಕಣಿವೆಯಾಚೆಯ ಹಟ್ಟಿಯ ನಿವೃತ್ತ ಹೆಡ್‌ಮಾಸ್ಟರ್ ಧರ್ಮಲಿಂಗಂ ಅವರದು: 'ಮಗು ಲಕ್ಷಣವಾಗಿದೆ. ಆದರೆ ನಮ್ಮ ಮಗಳಿಗೆ ನಮ್ಮ ಒಪ್ಪಿಗೆ ಯಾಕೆ ಕೇಳುತ್ತೀರಿ? ಹೆಂಚಿನ ಕೆಲಸ ಏನಾಯಿತು?' ಇನ್ನೊಂದು ಹಟ್ಟಿಯ ದೇವ ಬರೆದಿದ್ದ: 'ತಂಗಿಯನ್ನು ಅಣ್ಣನಿಗೇ ತೋರಿಸುವ ಕಾಲ ಬಂತಾ? ದಯವಿಟ್ಟು ಹೇಳಿ, ನಗಬೇಕೋ ಅಳಬೇಕೋ.' ಅವನು ಉತ್ತರವನ್ನು ಎಲ್ಲರಿಗೂ ಹೋಗುವಂತೆ ಕಳಿಸಿದ್ದರಿಂದ ಎಲ್ಲರೂ ಎಲ್ಲರಿಗೂ ಬರೆಯತೊಡಗಿದ್ದರು.

ಸರೋಜಾ 'ಕಳಿಸಿದವು' ತೆರೆದು ನೋಡಿದಳು. ಅವಳು ತೆರೆದ ಹಳೆಯ ಪತ್ರ ಗುಡಿಯ ಹೆಂಚು ಬದಲಿಸುವ ಕೆಲಸಕ್ಕೆ ಅಣ್ಣತಮ್ಮ ಹಟ್ಟಿಗಳನ್ನು ಕರೆದದ್ದು. ಒಳಗಿನ ಬರಹ ಅಳಿಸಿದ್ದಳೇ ಹೊರತು ಮೇಲಿನ ವಿಳಾಸಗಳನ್ನು ಅಳಿಸಿರಲಿಲ್ಲ. ನಂಜರ ವಿಳಾಸ ಆ ಸಾಲಿನ ಕೊನೆಯಲ್ಲಿತ್ತು. ವಿಷಯದ ಜಾಗದಲ್ಲಿದ್ದ ಮಾತೂ ಹಾಗೆಯೇ ಉಳಿದಿತ್ತು: 'ಮನೆಗೊಬ್ಬರು ಬನ್ನಿ.'

ಅವಳು ಆ ಪ್ರತಿಯನ್ನು ಅಳಿಸಿದಳು. ಅಳಿಸಿದ್ದು ಹೋಗಿ ಅಳಿಸಿದವುಗಳ ಪೆಟ್ಟಿಗೆಯಲ್ಲಿ ಕೂತಿತು. ಅಲ್ಲಿಂದಲೂ ಅಳಿಸಿದಳು. ಮತ್ತೆ ದೇವನ ಉತ್ತರ ತೆರೆದರೆ ಅದರ ಕೆಳಗೆ ತನ್ನ ಪತ್ರ ಹಾಗೆಯೇ ಇತ್ತು. ಇಲ್ಲಿ ಕೊಂದರೆ ಅಲ್ಲಿ ಸಾಯುವುದಿಲ್ಲ. ಹೋದದ್ದು ಇಲ್ಲಿಯೂ ಇದೆ, ಅಲ್ಲಿಯೂ ಇದೆ ಎಂದು ಬೆರಗುಪಟ್ಟದ್ದರ ಇನ್ನೊಂದು ಮುಖ ಇದೇ ಎಂದು ಆಗ ತಿಳಿಯಿತು.

ಸಂಜೆಗೆ ಶೆಡ್ಡಿನ ಫೋನಿಗೆ ನಂಜರ ಕರೆ ಬಂತು. ಮಹಾಲಿಂಗಂ ತೆಗೆದರು.

"ನಿಮ್ಮ ಹುಡುಗಿ ಫೋಟೋ ಬಂತು. ಊಟಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಮೇಲೆ ಅಷ್ಟುದ್ದ ವಿಳಾಸ. ಎಷ್ಟು ಮನೆ ಬಾಗಿಲು ಬಡೀತಾ ಇದ್ದೀರಿ? ನಾವು ಸಾಲಿನ ಕೊನೆಯವರಾ? ಮನೆಗೊಬ್ಬರು ಬನ್ನಿ ಅಂತ ಬೇರೆ ಬರೆದಿದ್ದೀರಿ. ನಾವು ಬರೋದಿಲ್ಲ" ಎಂದು ಇಟ್ಟುಬಿಟ್ಟರು.

ವಿಳಾಸಗಳನ್ನು ನೋಡಿ ಯಾರು ಯಾರೆಂದು ತಿಳಿಯುವುದಾದರೂ ಹೇಗೆ? ಅಲ್ಲಿ ಹಟ್ಟಿಯ ಹೆಸರಿಲ್ಲ, ವರಸೆಯಿಲ್ಲ. ನಾಲ್ಕು ಇಂಗ್ಲಿಷ್ ಅಕ್ಷರ, ಎರಡು ಅಂಕೆ. ಅವೆಲ್ಲ ಗಂಡಿರುವ ಮನೆಗಳು ಎಂದೇ ನಂಜ ತಿಳಿದಿದ್ದರು.

ಕೆಂಪಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಮಗಳ ಮುಖವನ್ನ ಸಂತೆ ಮಾಡಿದೆಯಲ್ಲ ಸರೋಜಾ. ಈ ಸಂಬಂಧ ತಪ್ಪಿದರೆ ಬೇರೆಯವರೂ ಇದನ್ನೇ ಆಡಿಕೊಳ್ತಾರೆ."

"ನಾನು ಹೋಗಿ ಹೇಳ್ತೀನಿ ಅತ್ತಿಗೆ."

"ಇನ್ನೊಂದು ಪತ್ರ ಬರೀಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ಬರಿಯೋದಿಲ್ಲ. ಬಸ್ಸಿನಲ್ಲೇ ಹೋಗ್ತೀನಿ."

ನಂದಿನಿ ಅಳಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದವಳು ಮೆಲ್ಲನೆ ಹೇಳಿದಳು: "ಹೋಗೋದೇ ಆದರೆ ಅವರ ಫೋಟೋನೂ ಕೇಳಿಕೊಂಡು ಬಾ ಅತ್ತೆ. ನನ್ನದನ್ನು ಬೆಟ್ಟವೆಲ್ಲ ನೋಡಿ ಆಯಿತು. ನಾನೂ ಒಬ್ಬರನ್ನಾದರೂ ನೋಡಬೇಡವಾ?"

ಬೆಳಿಗ್ಗೆ ಸರೋಜಾ ಗುಡಿಗೆ ದೀಪ ಇಟ್ಟಳು. ಆಮೇಲೆ ಮಹಾಲಿಂಗಂ ಜೊತೆ ಊಟಿಗೆ ಹೋಗಿ, ಅಲ್ಲಿಂದ ನಂಜನಾಡು ದಾರಿಯ ಬಸ್ಸು ಹತ್ತಿದಳು. ಬಸ್ಸಿನ ತುಂಬ ಕ್ಯಾರೆಟ್ ಮೂಟೆಯ ಹಸಿ ಮಣ್ಣಿನ ವಾಸನೆ.

ನಂಜರ ಮನೆಯ ಜಗುಲಿಯಲ್ಲಿ ಅವರ ತಾಯಿ ಲಿಂಗಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ಸೀಮೆಯಲ್ಲೆಲ್ಲ ಅವಳನ್ನು ಹೆತ್ತೆ ಎಂದೇ ಕರೆಯುತ್ತಿದ್ದರು, ಅಜ್ಜಿ ಎಂದು. ಸರೋಜಾ ತಲೆ ಬಾಗಿಸಿದಳು. ಹೆತ್ತೆ ಬೆಳ್ಳುಳ್ಳಿಯ ಕೈ ಒರೆಸಿಕೊಂಡು ಅವಳ ತಲೆ ಮುಟ್ಟಿ ಹರಸಿದಳು. ನಂಜ ಮಾತ್ರ ಬಿಗಿಯಾಗಿದ್ದರು.

"ಕಾಫಿ ಕುಡೀರಿ. ಬಂದವರಿಗೆ ಕಾಫಿ ಕೊಡದಷ್ಟು ಕೋಪವಿಲ್ಲ. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ."

"ಮಾಮ, ಆ ಪ್ರಿಂಟ್ ತರಿಸಿ" ಎಂದಳು ಸರೋಜಾ. "ಮೇಲಿರುವ ಒಂದೊಂದು ಮನೆಯೂ ಯಾರದು ಅಂತ ಹೇಳ್ತೀನಿ. ಆಮೇಲೆ ನೀವು ಏನು ಹೇಳಿದರೂ ಸರಿ."

ಹಾಳೆ ಬಂತು. ಸರೋಜಾ ಬೆರಳಿಟ್ಟು ಓದಿದಳು. "ಇದು ಧರ್ಮಲಿಂಗಂ, ಕಣಿವೆಯಾಚೆ ಹಟ್ಟಿ, ಹೆಡ್‌ಮಾಸ್ಟರ್ ಆಗಿದ್ದವರು."

"ಯಾರ ಮಗ?" ಹೆತ್ತೆ ತಲೆಯೆತ್ತಲಿಲ್ಲ.

"ಜೋಗಿಯವರ ಮಗ."

"ಜೋಗಿ ಮಗನಾ? ಅವನು ನಿಮ್ಮ ಹುಡುಗಿಗೆ ದೊಡ್ಡಪ್ಪ ಆಗಬೇಕಲ್ಲ! ಮುಂದೆ ಓದು."

"ಇದು ದೇವ, ಮೇಲಿನ ಹಟ್ಟಿ."

"ಅಣ್ಣ. ಆಮೇಲೆ?"

"ರಂಗನಾಥನ್. ಬೇಕರಿ ಇಟ್ಟಿದ್ದಾರೆ."

"ಆ ಹಟ್ಟಿಯವರೂ ಅವರ ಅಣ್ಣತಮ್ಮಂದಿರೇ. ಚಿಕ್ಕಪ್ಪ." ಹೆತ್ತೆಯ ಕೈಯಿಂದ ಬೆಳ್ಳುಳ್ಳಿ ಜಾರಿತು. ಅವಳು ನಗತೊಡಗಿದ್ದಳು. ಸರೋಜಾ ಓದುತ್ತಾ ಹೋದ ಹಾಗೆ ನಗು ಹೆಚ್ಚಿತು. ಕಡೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂಜಾ, ಕೇಳಿದೆಯೇನೋ? ಈ ಬುದ್ಧಿವಂತೆ ಕೂಸನ್ನು ಅದರ ಅಣ್ಣತಮ್ಮಂದಿರಿಗೆಲ್ಲ ತೋರಿಸಿ ಒಪ್ಪಿಗೆ ಕೇಳಿದ್ದಾಳೆ! ಇದರಲ್ಲಿ ಹೆಣ್ಣು ಕೊಡೋ ಮನೆ ಒಂದೇ ಒಂದು, ನಮ್ಮದು. ಫೋಟೋ ಎಲ್ಲಿ ಸುತ್ತಿತು? ತವರಿನಲ್ಲೇ ತಾನೇ!"

ನಂಜ ಹಾಳೆಯನ್ನು ಮತ್ತೊಮ್ಮೆ ನೋಡಿದರು. "ಆದರೂ ನಮ್ಮ ಹೆಸರು ಕೊನೆಗೆ."

"ಮಾಮ, ಉಳಿದವು ನಾನು ಅಳಿಸೋಕೆ ಮರೆತವು. ನಾನು ಅವತ್ತು ಕೈಯಾರೆ ಬರೆದದ್ದು ನಿಮ್ಮ ಹೆಸರು ಒಂದೇ."

ಮಹಾಲಿಂಗಂ ಸುಮ್ಮನಿರಲಾರದೆ ಸೇರಿಸಿದರು: "ಹೆಂಚಿನ ಕೆಲಸಕ್ಕೆ ಮನೆಗೊಬ್ಬರು ಬಂದರೆ ನಮಗೇನೂ ಬೇಸರವಿಲ್ಲ."

ಆಗ ನಂಜರ ಮೀಸೆಯ ಕೆಳಗೂ ಏನೋ ಅಲುಗಿತು. ಹಾಳೆಯನ್ನು ಮಡಚದೆ ಕೈಯಲ್ಲೇ ಹಿಡಿದುಕೊಂಡು, ಒಂದು ಪತ್ರ ಒಂದೇ ಸಲಕ್ಕೆ ಅಷ್ಟು ಮನೆಗೆ ಹೋಗುವುದು ಹೇಗೆ ಎಂದು ಕೇಳಿದರು. ತನ್ನ ಹಾಗೆಯೇ ಕೇಳುವ ಇನ್ನೊಬ್ಬರು ಸಿಕ್ಕಿದರಲ್ಲ ಎಂದು ಸರೋಜಾಳಿಗೆ ಹಿಗ್ಗು. ಬೆಳ್ಳುಳ್ಳಿ ಎಸಳುಗಳನ್ನು ಜಗುಲಿಯ ಮೇಲೆ ಸಾಲಾಗಿ ಇಟ್ಟು ತೋರಿಸಿದಳು. ಕಳಿಸಿದವರ ಹತ್ತಿರ ಒಂದು, ಸೇರಿದ ಪ್ರತಿ ಮನೆಯಲ್ಲೂ ಒಂದು. ಇದನ್ನು ತೆಗೆದರೂ ಅವು ಹಾಗೆಯೇ ಇರುತ್ತವೆ.

"ಹಾಗಾದರೆ ಆ ಹುಡುಗಿ ಈಗ ಎಷ್ಟು ಕಡೆ ಇದ್ದಾಳೆ?" ಎಂದು ಹೆತ್ತೆ ಬೆರಗಾದಳು.

ಹೊರಡುವಾಗ ಸರೋಜಾ ಹುಡುಗನ ಫೋಟೋ ಕೇಳಿದಳು. ಹುಡುಗಿಯೇ ಕೇಳಿದ್ದಾಳೆ ಎಂದೂ ಮುಚ್ಚಿಡದೆ ಹೇಳಿದಳು. ನಂಜ ಹುಬ್ಬೇರಿಸಿದರು. ಹೆತ್ತೆ ಮಾತ್ರ, "ಕೇಳಲಿ ಬಿಡು. ನಾವು ಕೇಳಲಿಲ್ಲವಾ?" ಎಂದಳು. "ಅವಳಿಗೂ ಹಿಡಿಸಿದರೆ ಬರ್ತೀವಿ."

ಮಾತು ನಂದಿನಿಯ ಕೈಗೆ ಬಂದಿತ್ತು.

ಯೋಗೇಶ್ ಗೂಡಲೂರಿನಿಂದ ಕಳಿಸಿದ ಫೋಟೋ ಯಾರದೋ ಹೊಸ ಡಿಜಿಟಲ್ ಕ್ಯಾಮರಾದಲ್ಲಿ ತೆಗೆದದ್ದು. ಬಹಳ ದೊಡ್ಡ ಫೈಲು. ಎಷ್ಟು ಇಳಿಯಿತೆಂದು ತೋರಿಸುವ ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳಿತು. ಅದರ ಹಿಂದೆ ಹರಾಜಿನ ದರವೂ ಕಾದು ನಿಂತಿತು, ಕೆಳಗೆ ಲಾರಿಯೂ ಕಾದು ನಿಂತಿತು. ಮಹಾಲಿಂಗಂ ಅಂದು ಕೂಗಲಿಲ್ಲ. ತಾವೂ ಮೇಲೆ ಬಂದು ಕುರ್ಚಿ ಎಳೆದುಕೊಂಡರು.

ಫೋಟೋ ತೆರೆಯಿತು. ಪರದೆಯ ತುಂಬ ಬರೀ ಆಕಾಶ.

"ಇವನೇನಾ?" ಎಂದಳು ಕೆಂಪಿ.

"ಚಿತ್ರ ಪರದೆಗಿಂತ ದೊಡ್ಡದು ಅತ್ತಿಗೆ. ಸರಿಸಬೇಕು." ಸರೋಜಾ ಬದಿಯ ಪಟ್ಟಿಯನ್ನು ಕೆಳಗೆ ಎಳೆದಳು. ಮೆಣಸಿನ ಬಳ್ಳಿ ಹಬ್ಬಿದ ಮರ ಬಂತು. ಕೂದಲು ಬಂತು. ಕನ್ನಡಕ, ನಗಲೋ ಬೇಡವೋ ಎಂಬಂಥ ಬಾಯಿ. ಸರೋಜಾ ಅಲ್ಲಿಗೆ ಕೈ ನಿಲ್ಲಿಸಿದಳು.

"ಇನ್ನೂ ಕೆಳಗೆ ಇದೆಯಲ್ಲ" ಎಂದಳು ನಂದಿನಿ. ತಾನೇ ಮೌಸ್ ಹಿಡಿದು ಎಳೆದಳು. ಅಂಗಿಯ ತೋಳು, ಊದಿಕೊಂಡ ಕೈ. ಆ ಕೈಯಲ್ಲಿ ಮರದ ಚೌಕಟ್ಟೊಂದು, ಅದರ ತುಂಬ ಕಪ್ಪಗೆ ಏನೋ ಮೆತ್ತಿಕೊಂಡಿತ್ತು. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಆಮೇಲೆ, "ಅತ್ತೆ, ಏಳು. ನಾನೇ ಬರೀತೀನಿ" ಎಂದಳು.

ಸರೋಜಾ ಎದ್ದು ಹೊಸ ಹಾಳೆ ತೆರೆದುಕೊಟ್ಟಳು. ಹಳೆಯದಲ್ಲ, ಹೊಸದೇ. "ಮೊದಲು ಬರಿ. ವಿಳಾಸ ಕೊನೆಗೆ ಹಾಕು. ವಿಳಾಸವಿಲ್ಲದ ಪತ್ರ ಕೈ ತಪ್ಪಿ ಒತ್ತಿದರೂ ಎಲ್ಲಿಗೂ ಹೋಗೋದಿಲ್ಲ."

ನಂದಿನಿ ಬರೆದದ್ದು ಒಂದೇ ಸಾಲು. ಸರೋಜಾ ಒಳಗಿನದನ್ನು ಓದಲಿಲ್ಲ. ಮೇಲಿನ ಸಾಲನ್ನು ಮಾತ್ರ ಬೆರಳಿಟ್ಟು ನೋಡಿದಳು. ಒಂದೇ ವಿಳಾಸ. ಕೈಮುಗಿದಳು. ನಂದಿನಿ ಒತ್ತಿದಳು.

ಕೆಂಪಿಗೆ ತಡೆಯಲಾಗಲಿಲ್ಲ. "ಏನು ಬರೆದೆ? ಒಪ್ಪಿಗೆ ಅಂತ ಬರೆದೆಯಾ?"

"ಇಲ್ಲ ಅವ್ವೆ. ಕೈಯಲ್ಲಿ ಹಿಡಿದಿರೋದು ಜೇನುಗೂಡಾ, ಕೈ ಊದಿರೋದು ಅದಕ್ಕೇನಾ ಅಂತ ಕೇಳಿದೆ."

ಕೆಂಪಿ ಹಣೆ ಚಚ್ಚಿಕೊಳ್ಳಹೋದವಳು ಸರೋಜಾಳ ಮುಖ ನೋಡಿ ನಿಂತಳು. ಸರೋಜಾ ನಗುತ್ತಿದ್ದಳು. "ಸುಮ್ಮನಿರಿ ಅತ್ತಿಗೆ. ಬೇಡವಾದದ್ದರ ಬಗ್ಗೆ ಯಾರಾದರೂ ಪ್ರಶ್ನೆ ಕೇಳ್ತಾರಾ?"

ಔಟ್‌ಬಾಕ್ಸಿನಲ್ಲಿ ಪತ್ರ ಒಂದು ಗಳಿಗೆ ನಿಂತು, ಹೊರಟು ಹೋಯಿತು. ಕೆಳಗೆ ಲಾರಿಯವನು ಹಾರನ್ ಒತ್ತುತ್ತಲೇ ಇದ್ದ. ಮಹಾಲಿಂಗಂ ಎದ್ದು ಮೆಟ್ಟಿಲವರೆಗೆ ಹೋದವರು ತಿರುಗಿ ಬಂದರು.

"ಇರಲಿ, ಇನ್ನು ಸ್ವಲ್ಪ ಹೊತ್ತು ಫೋನ್ ಬಿಡಬೇಡ ಸರೋಜಾ" ಎಂದರು. "ಉತ್ತರ ಬಂದರೂ ಬರಬಹುದು."