ಎಣ್ಣೆ ಸೋರುವ ಮೋಟಾರ್ ಸೈಕಲ್

2014ರ ಸುಮಾರಿಗೆ ನಾನು ಸೌದಿಯ ಅಲ್ ಅಹ್ಸಾದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕಿದ್ದೆ. ಖರ್ಜೂರದ ತೋಟಗಳ ಪಂಪುಗಳಿಗೆ ಶಾಫ್ಟು, ಬುಶ್ಶು ಮಾಡುವುದೇ ಹೆಚ್ಚು. ಒಂದು ಬೆಳಿಗ್ಗೆ ಆ ಊರಿನ ನಿವೃತ್ತ ಮಾಸ್ತರರೊಬ್ಬರು ಪಿಕಪ್ಪಿನಿಂದ ಅಮೆರಿಕದ ಹಳೆಯ ಮೋಟಾರ್ ಸೈಕಲ್ ಇಳಿಸಿದರು. ನೂರು ವರ್ಷ ದಾಟಿದ್ದು. ನೋಡಲು ದಪ್ಪ ಕೊಳವೆಗಳ ಸೈಕಲ್ಲೇ. ಒಂದೇ ಸಿಲಿಂಡರು, ಹಿಂದಿನ ಚಕ್ರಕ್ಕೆ ಚರ್ಮದ ಬೆಲ್ಟು. ಗೇರಿಲ್ಲ. ಪೆಡಲು ತುಳಿದೇ ಎಂಜಿನ್ ಎಬ್ಬಿಸಬೇಕು.

ಅವರಿಗೆ ಬೇಕಿದ್ದದ್ದು ಬೆಲ್ಟಿನ ಪುಲ್ಲಿ ಮಾತ್ರ. ಎರಡು ದಿನದಲ್ಲಿ ಮಾಡಿಕೊಟ್ಟೆ. ಆದರೆ ಗಾಡಿ ನಿಲ್ಲಿಸಿದಲ್ಲೆಲ್ಲ ಎಣ್ಣೆ ಸೋರುತ್ತಿತ್ತು. ಸೋರುವ ಯಂತ್ರ ನನಗೆ ಕಂಡರಾಗದು. ಟ್ಯಾಂಕಿನಿಂದ ಎಂಜಿನ್ನಿಗೆ ಎಣ್ಣೆ ಹನಿಸುವ ಪುಟ್ಟ ಸ್ಕ್ರೂ ಒಂದಿತ್ತು. ಯಾರೂ ಹೇಳದಿದ್ದರೂ ಅದನ್ನು ಬಿಗಿ ಮಾಡಿದೆ.

ಮರುದಿನ ಮಾಸ್ತರರು ತೋಟದ ದಾರಿಯಲ್ಲಿ ಓಡಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಜಾಮ್ ಆಯಿತು. ಬಿಚ್ಚಿದರೆ, ಎಣ್ಣೆ ಸಾಲದೆ ಪಿಸ್ಟನ್ನಿನ ಮೈತುಂಬ ಗೀರು.

ನಮ್ಮ ವೆಲ್ಡರ್ ಭಟ್ಕಳದ ಹಿರಿಯರು. ನನ್ನ ಬ್ಯಾರಿ ಭಾಷೆಗೂ ಅವರ ನವಾಯತಿಗೂ ಹೊಂದದು, ಹಾಗಾಗಿ ನಮ್ಮ ಮಾತು ಕನ್ನಡದಲ್ಲಿ.

"ಇದರಲ್ಲಿ ಎಣ್ಣೆ ತಿರುಗಿ ಟ್ಯಾಂಕಿಗೆ ಹೋಗುದಿಲ್ಲ ಮಾರಾಯ," ಎಂದರು. "ಸ್ವಲ್ಪ ಉರೀತದೆ, ಉಳಿದದ್ದು ಹೊರಗೆ ಬೀಳ್ತದೆ. ಮಾಡಿದ್ದೇ ಹಾಗೆ. ನೀ ಎಂತಕ್ಕೆ ಮುಟ್ಟಿದ್ದು?"

"ಹಾಳಾಗಿದೆ ಅಂತ ಗ್ರಹಿಸಿದೆ ಭಾಯಿ."

"ಮಾಸ್ತರರಿಗೆ ಗೊತ್ತಾಗ್ಲಿಕ್ಕಿಲ್ಲ. ಆದ್ರೂ ಹೋಗಿ ಹೇಳು."

ನನ್ನ ಹರಕು ಅರಬಿಯಲ್ಲಿ ಹೇಳಿದೆ. ಮಾಸ್ತರರು ಗದರಲಿಲ್ಲ. "ನನ್ನನ್ನು ಒಂದು ಮಾತು ಕೇಳಬಹುದಿತ್ತು," ಎಂದರು. ಹೌದು, ಕೇಳಬಹುದಿತ್ತು.

ಶುಕ್ರವಾರಗಳಂದು ಜುಮಾ ನಮಾಜು ಮುಗಿಸಿ ಬಂದು ಎರಕದ ಕಬ್ಬಿಣದಲ್ಲಿ ಹೊಸ ಪಿಸ್ಟನ್ ಮಾಡತೊಡಗಿದೆ. ಎಂಜಿನ್ ಪೆಟ್ಟಿಗೆಯ ಒಳಗೆ ಅರದ ಗೀಟುಗಳಿದ್ದವು. ಯಾವನೋ ಕೆಲಸಗಾರ ಒಂದೊಂದು ಭಾಗವನ್ನೂ ಕೈಯಿಂದ ಉಜ್ಜಿ ಕೂರಿಸಿದ್ದ. ಅದನ್ನು ನೋಡಿದ ಮೇಲೆ ಅವಸರ ಮಾಡಲಿಲ್ಲ. ಮೊದಲ ಪಿಸ್ಟನ್ ಬಿಗಿಯಾಯಿತು, ಎರಡನೆಯದು ರಿಂಗು ಕೂರುವಲ್ಲಿ ಬಿರಿಯಿತು. ಮೂರನೆಯದು ಸರಿಯಾಗಿ ಕೂತಿತು.

ಮಾಸ್ತರರು ಪೆಡಲು ತುಳಿದರು, ಎಂಜಿನ್ ಎದ್ದಿತು. ಖರ್ಜೂರದ ಸಾಲಿನ ನಡುವೆ ಹೋಗಿ ಬಂದು, "ಯಲ್ಲಾ, ಬಾ, ನೀನೊಮ್ಮೆ," ಎಂದು ಹ್ಯಾಂಡಲ್ ನನ್ನತ್ತ ಚಾಚಿದರು. ನನಗೆ ಧೈರ್ಯ ಬರಲಿಲ್ಲ. ಅರವತ್ತರ ಹತ್ತಿರವಿದ್ದ ವೆಲ್ಡರ್ ಭಾಯಿ ಹತ್ತಿಯೇಬಿಟ್ಟರು. ನಿಲ್ಲಿಸುವುದು ಹೇಗೆಂದು ತಿಳಿಯದೆ ತೋಟದ ಬಾವಿಗೆ ಮೂರು ಸುತ್ತು ಹಾಕಿದರು. ಮಾಸ್ತರರು ಪಕ್ಕದಲ್ಲೇ ಓಡುತ್ತ ಬೆಲ್ಟು ಸಡಿಲಿಸುವ ಹಿಡಿಕೆ ತೋರಿಸಿದ ಮೇಲೆ ಇಳಿದು ಬಂದರು.