ಇಪ್ಪತ್ತಾರಲ್ಲ, ಒಂದೇ ಮರ

"ಇಳಿಯೋ ಕೆವ್! ಇಲ್ಲಾಂದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗು!"

"ಬೆಳಬೆಳಗ್ಗೆ ಶುರು ಮಾಡ್ಬೇಡ ಡಲ್ಸಿ. ಇಪ್ಪತ್ತಾರು ಮರ ಇದಾವೆ, ಆರು ತೆಗೀತೀನಿ. ಇಪ್ಪತ್ತು ಉಳಿಯಲ್ವಾ? ಶಾಲೇಲಿ ಕಳೆಯೋ ಲೆಕ್ಕ ಕಲೀಲಿಲ್ವಾ?"

ಗೋಧಿ ಹೊಲದಾಚೆ ಸೂರ್ಯ ಇನ್ನೂ ಎದ್ದಿಲ್ಲ. ಹಾರ್ಟ್‌ಮನ್ ರಸ್ತೆಯಂಚಿನಲ್ಲಿ, ಮಣ್ಣು ಹೆರೆಯುವ ಯಂತ್ರದ ಅಲಗಿಗೆ ಮೂರು ಮಾರು ದೂರದಲ್ಲಿ, ಡಲ್ಸಿ ನೋಸ್ಕೆ ಬಕೆಟ್ ಬೋರಲು ಹಾಕಿ ಕೂತಿದ್ದಾರೆ. ಯಂತ್ರದ ಮೇಲಿರುವುದು ಅವರ ತಂಗಿಯ ಗಂಡ ಕೆವ್ ಟ್ರೆಲೋರ್. ಸುಗ್ಗಿಯ ಲಾರಿಗಳಿಗೆಂದು ರಸ್ತೆ ಅಗಲವಾಗಬೇಕು. ಅಡ್ಡ ಇರುವುದು ಗಿಡ್ಡ ನೀಲಗಿರಿ. ನಮ್ಮ ಕಡೆ ಮ್ಯಾಲಿ ಎನ್ನುತ್ತೇವೆ: ಒಂದೇ ದಪ್ಪ ಕಾಂಡವಿಲ್ಲ, ನೆಲದಿಂದಲೇ ಹಲವು ಸಣ್ಣ ಕಾಂಡ, ತುದಿಯಲ್ಲಷ್ಟೇ ಎಲೆ. ಈ ಜಾತಿ ಉಳಿದಿರುವುದು ರಸ್ತೆಯ ಈ ಪಟ್ಟಿಯಲ್ಲಿ ಮಾತ್ರ. ಮಿಕ್ಕಿದ್ದನ್ನು ಗೋಧಿಗಾಗಿ ಕಿತ್ತವರು ನಮ್ಮ ಅಜ್ಜಂದಿರೇ. ಬೇರೆ ಯಾರನ್ನೂ ಬಯ್ಯುವ ಹಾಗಿಲ್ಲ.

ಡಲ್ಸಿ ಅರವತ್ತಮೂರರ ಹೆಂಗಸು. ಮೂವತ್ತು ವರ್ಷದಿಂದ ಮರಗಳ ಬೀಜ ಆಯುತ್ತಿದ್ದಾರೆ. ಬೆಳಕು ಹರಿಯುವ ಮುನ್ನ ಏಣಿ, ಕತ್ತರಿ, ಚಹಾದ ಫ್ಲಾಸ್ಕ್ ಹಿಡಿದು ಹೊರಡಬೇಕು. ಒಂದು ಬಕೆಟ್ ಕಾಯಿ ಒಣಗಿಸಿ ಒದರಿದರೆ ಒಂದು ಹಿಡಿ ಬೀಜ. ಮಂಡಿ ಎರಡೂ ಸವೆದಿವೆ. ಸುತ್ತಲ ಹೊಲಗಳಿಗೆ ಗಾಳಿ ತಡೆಯುವ ಸಾಲುಮರಗಳೆಲ್ಲ ಅವರ ಬೀಜದವು; ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಇಲ್ಲಿನ ಬೀಜ ಮಾತ್ರ ಒಮ್ಮೆಯೂ ಮೊಳೆತಿಲ್ಲ.

"ಅಲ್ಲೇ ಅನುಮಾನ ಬಂತು. ಇಪ್ಪತ್ತಾರು ಇದ್ದಿದ್ರೆ ಒಂದಕ್ಕೊಂದು ಕೂಡಿ ಒಳ್ಳೆ ಬೀಜ ಕಟ್ತಿರ್ಲಿಲ್ವಾ? ಹೋದ ವಾರ ಅಗೆದೆ. ಕೆಳಗೆಲ್ಲ ಒಂದೇ ಗೆಡ್ಡೆ, ಕಾಂಡ ಎಲ್ಲಾ ಅದರಿಂದ್ಲೇ ಎದ್ದಿರೋದು."

"ಇಪ್ಪತ್ತಾರು ಅಂತ ಬರೆದ ಪುಣ್ಯಾತ್ಮ ಯಾರು ಹಾಗಾದ್ರೆ?" ಕೆವ್ ಮೇಲಿಂದಲೇ ಮರಗಳ ಎಣಿಕೆಯ ಕಾಗದ ಬೀಸುತ್ತಾರೆ. "ಹತ್ತೊಂಬತ್ತು ವರ್ಷದ ಹಿಂದೆ ನೀನೇ ಎಣಿಸಿದ್ದು. ಸಹಿ ನೋಡು!"

ಡಲ್ಸಿ ತಲೆ ತಗ್ಗಿಸುತ್ತಾರೆ. "ನಾನೇ. ಕಾಂಡ ಎಣಿಸಿ ಮರ ಅಂತ ಬರೆದೆ. ಅದಕ್ಕೇ ನಿದ್ದೆ ಬರ್ತಿಲ್ಲ ಕಣೋ. ಇಳಿದು ಕೈ ಹಾಕಿ ನೋಡು, ಆಮೇಲೆ ಕೊಚ್ಚು."

ಕೆವ್ ಬಯ್ಯುತ್ತಲೇ ಇಳಿಯುತ್ತಾರೆ. ಡಲ್ಸಿ ತೋಡಿದ ಗುಂಡಿಯ ಪಕ್ಕ ಬೋರಲು ಮಲಗಿ ಭುಜದವರೆಗೆ ಕೈ ಹಾಕುತ್ತಾರೆ. ಒಂದು ಗುಂಡಿ, ಎರಡನೆಯದು, ಐದನೆಯದು. ಅಲಗು ಬೀಳಬೇಕಾದ ಗೆರೆ ಗೆಡ್ಡೆಯ ನಟ್ಟನಡುವೆ ಹಾದುಹೋಗುತ್ತದೆ.

"ಇದು ಮುಗಿಯೋದೇ ಇಲ್ವಲ್ಲೇ..."

ಎದ್ದು, ರಸ್ತೆ ಕೆಲಸದ ಕಚೇರಿ ತೆರೆಯುವುದನ್ನೇ ಕಾದು ಫೋನ್ ಮಾಡುತ್ತಾರೆ. ಅಲ್ಲಿನವರಿಗೆ ಮರ ಕಾಣುವುದಿಲ್ಲ, ಕಾಗದ ಕಾಣುತ್ತದೆ. ಇಪ್ಪತ್ತಾರರಲ್ಲಿ ಆರು, ಇವತ್ತೇ ಮುಗಿಯಬೇಕು ಎಂಬ ಉತ್ತರ ಡಲ್ಸಿಗೂ ಕೇಳಿಸುತ್ತದೆ.

ಕೆವ್ ಯಂತ್ರ ಆರಿಸಿ, ಬೀಗದ ಕೈಯನ್ನು ಸೀಟಿನ ಮೇಲೆ ಎಸೆಯುತ್ತಾರೆ. "ನಾನಂತೂ ಕೊಚ್ಚಲ್ಲ. ಬೇರೆಯವನನ್ನ ಕಳಿಸ್ತಾರೆ ಡಲ್ಸಿ. ಅವನು ಇಳಿದು ನೋಡಲ್ಲ." ಊರು ಒಂಬತ್ತು ಕಿಲೋಮೀಟರು. ನಡೆದೇ ಹೊರಡುತ್ತಾರೆ.

"ನಂಗೇನೂ ಬೇಡ," ಎಂದು ಅವರ ಬೆನ್ನ ಹಿಂದೆ ಕೂಗುತ್ತಾರೆ ಡಲ್ಸಿ. "ಆ ಇಪ್ಪತ್ತಾರು ಹೊಡೆದುಹಾಕಿ ಒಂದು ಅಂತ ಬರೀಲಿ. ಸಹಿ ನಾನೇ ಹಾಕ್ತೀನಿ, ಪೆನ್ನು ಜೇಬಲ್ಲೇ ಇದೆ."

ಮಧ್ಯಾಹ್ನವಾದರೂ ಕೆವ್ ತಿರುಗಿ ಬಂದಿಲ್ಲ, ಕಚೇರಿಯವರು ಕಳಿಸುವ ಬೇರೆ ಚಾಲಕನೂ ಬಂದಿಲ್ಲ. ರಸ್ತೆಯ ತುದಿಯಲ್ಲಿ ಧೂಳು ಎದ್ದಾಗಲೆಲ್ಲ ಡಲ್ಸಿ ಬಕೆಟ್ ಬಿಟ್ಟು ಎದ್ದು ನಿಲ್ಲುತ್ತಾರೆ.