ಬಾಳವ್ವ ಸಹಿ ಮಾಡಲಿಲ್ಲ

ಗಜೇಂದ್ರಗಡದ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ಪ್ರಭುಲಿಂಗಪ್ಪನ ಹೆಂಡತಿ ಬಾಳವ್ವನಿಗೆ ನಲವತ್ತು ವರ್ಷವಾಗುವವರೆಗೂ ಅವಳ ಹೆಸರಿಗೆ ಒಂದು ಕಾಗದವೂ ಬಂದಿರಲಿಲ್ಲ. ತವರೂರು ಶಿರೋಳದಿಂದ ಬರುವ ಪತ್ರಗಳೆಲ್ಲ ಗಂಡನ ಹೆಸರಿಗೇ ಬರುತ್ತಿದ್ದವು. ಅವನು ಓದಿ, “ಎಲ್ಲಾರೂ ಅರಾಮ ಅದಾರಂತ” ಎಂದು ಒಂದೇ ಮಾತಿನಲ್ಲಿ ಮುಗಿಸಿ ಗೋಡೆಯ ಮಾಡಿನಲ್ಲಿಡುತ್ತಿದ್ದ. ಬಾಳವ್ವ ನಾಲ್ಕನೆಯ ಇಯತ್ತೆವರೆಗೆ ಸಾಲೆ ಕಲಿತವಳು. ಗಂಡ ಅಂಗಡಿಗೆ ಹೋದ ಮೇಲೆ ಪತ್ರ ತೆಗೆದು ತಾನೇ ಇನ್ನೊಮ್ಮೆ ಓದುತ್ತಿದ್ದಳು. ಅದರಲ್ಲಿ ಎಲ್ಲರೂ ಅರಾಮ ಇರುತ್ತಿದ್ದದ್ದು ಅಪರೂಪ.

ಆ ಹೊತ್ತಿಗೆ ಪ್ರಭುಲಿಂಗಪ್ಪನೂ ಸೇರಿ ಪೇಟೆಯ ಏಳೆಂಟು ವರ್ತಕರು ಕೂಡಿ ಶೇಂಗಾ ಎಣ್ಣೆಯ ಕಂಪನಿ ಮಾಡಿ ಐದು ವರ್ಷವಾಗಿತ್ತು. ಹಿರಿಯರಾದ ಅಂದಾನಪ್ಪನವರು ಅದರ ಅಧ್ಯಕ್ಷರು. ಎಣ್ಣೆ ತೆಗೆಯುವುದಷ್ಟೇ ಅಲ್ಲ, ಗುಡ್ಡದ ಕೆಳಗಿನ ಕೆಂಪು ಮಸಾರಿ ಹೊಲಗಳನ್ನು ವರ್ಷಕ್ಕಿಷ್ಟೆಂದು ಲಾವಣಿಗೆ ಹಿಡಿದು ಕಂಪನಿಯೇ ಶೇಂಗಾ ಬೆಳೆಸುತ್ತಿತ್ತು. ಬಳ್ಳಿ ಕೀಳುವುದು, ಕಾಯಿ ಹರಿಯುವುದು, ಒಡೆದು ಕಾಳು ತೆಗೆಯುವುದು ಎಲ್ಲ ಸುತ್ತಲಿನ ಹಳ್ಳಿಯ ಹೆಣ್ಣಾಳುಗಳ ಕೆಲಸ. ಅವರಲ್ಲಿ ಕರೆವ್ವ ಒಬ್ಬಳು. ಅವಳೂ ಶಿರೋಳದ ಮಗಳೇ. ಹೀಗಾಗಿ ಸಂತೆಗೆ ಬಂದಾಗಲೆಲ್ಲ ಬಾಳವ್ವನ ಹಿತ್ತಲಲ್ಲಿ ಕುಳಿತು ಎರಡು ರೊಟ್ಟಿ ಉಂಡೇ ಹೋಗುತ್ತಿದ್ದಳು.

ಐವತ್ತೇಳನೆಯ ಇಸವಿಯ ದೀಪಾವಳಿ ಮುಗಿದ ವಾರ. ಬಾಳವ್ವ ರೊಟ್ಟಿಯ ಮೇಲೆ ಪುಂಡಿ ಪಲ್ಯ, ಶೇಂಗಾ ಹುರಿದು ಕುಟ್ಟಿದ ಹಿಂಡಿ ಹಾಕಿ ಕೊಟ್ಟಳು. ಕರೆವ್ವ ಹಿಂಡಿಯನ್ನು ಬೆರಳಿನಿಂದ ಬದಿಗೆ ಸರಿಸಿದಳು.

“ಯಾಕ, ಹಿಂಡಿ ಸೇರವಲ್ದೇನು?”

“ಸೇರತೈತಿ ಅಕ್ಕಾ. ತಿನ್ನೋ ರೂಢಿ ತಪ್ಪೇತಿ.”

ಕಾರಣ ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಬಾಳವ್ವ ಬಿಡಲಿಲ್ಲ.

“ಸಂಜಿಗೆ ಕೆಲಸ ಬಿಡೂ ಮುಂದ ಆಳು ನೋಡೂ ಮುಕದ್ದಮ ಎಲ್ಲಾರನ್ನೂ ಸಾಲಾಗಿ ನಿಂದರಸ್ತಾನ. ಬಾಯಿ ಮುಕ್ಕಳಿಸಿ ಅಗಲನ ಪರಾತದಾಗ ಉಗಳಬೇಕು. ನೀರು ಬೆಳ್ಳಗಾತಂದ್ರ ಕಾಳ ತಿಂದಾಳಂತ ಅರ್ಧಾ ದಿನದ ಕೂಲಿ ಹಿಡೀತಾನ. ಮಧ್ಯಾಹ್ನ ಮನಿ ಹಿಂಡಿ ತಿಂದಿದ್ರೂ ನೀರು ಬೆಳ್ಳಗಽ ಆಕ್ಕೈತಿ. ಹಿಂಗಾಗಿ ಯಾರೂ ಹಿಂಡಿ ಕಟಗೊಂಡು ಹೋಗೂದಿಲ್ಲ. ಬರೇ ಉಪ್ಪು ಖಾರ.”

“ವಯಸ್ಸಾದವರಿಗೂ ಹಿಂಗಽ ಏನು?”

“ನಮ್ಮ ಓಣ್ಯಾಗಿನ ಹೊನ್ನವ್ವ ಆಯಿಗೆ ಒಂದೂ ಹಲ್ಲಿಲ್ಲ. ಆಕೀನ್ನೂ ಬಿಡಲಿಲ್ಲ.”

ಕರೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿ, ಚರಿಗೆಯ ನೀರು ಕುಡಿದು ಹೋದಳು. ಅಂದು ಸಂಜೆ ಬಾಳವ್ವ ಈ ಮಾತು ತೆಗೆದಾಗ ಪ್ರಭುಲಿಂಗಪ್ಪ, “ಅದು ಮುಕದ್ದಮನ ಕೆಲಸ. ಬಿಟ್ರ ಚೀಲಗಟ್ಲೆ ತಿಂದು ಹೋಗ್ತಾರ” ಎಂದ. ಅವನೇನೂ ಕೆಟ್ಟವನಲ್ಲ. ಅಂಗಡಿಗೆ ಬಂದ ಮಕ್ಕಳ ಕೈಗೆ ಬೆಲ್ಲದ ಚೂರು ಹಾಕದೆ ಕಳಿಸುತ್ತಿರಲಿಲ್ಲ. ಆದರೆ ಹೊಲದ ಕಡೆ ಅವನು ಕಾಲಿಟ್ಟು ಎರಡು ವರ್ಷವಾಗಿತ್ತು.

ಎಂಟು ದಿನಕ್ಕೆ ಅಂಚೆಯಲ್ಲಿ ಅಚ್ಚಾದ ಕಾಗದವೊಂದು ಬಂತು. ಮೇಲೆ ‘ಶ್ರೀಮತಿ ಬಾಳವ್ವ ಕೋಂ ಪ್ರಭುಲಿಂಗಪ್ಪ’ ಎಂದಿತ್ತು. ಬಾಳವ್ವ ಅದನ್ನು ಎರಡು ಸಲ ಓದಿದಳು. ಕಂಪನಿಯಲ್ಲಿ ಅವಳದು ನಲವತ್ತು ಪಾಲು ಇದೆಯಂತೆ. ವಾರ್ಷಿಕ ಸಭೆಗೆ ಬರಬೇಕಂತೆ. ಬರಲಾಗದಿದ್ದರೆ ಬೇರೆಯವರಿಗೆ ಒಪ್ಪಿಗೆ ಬರೆದುಕೊಡಬೇಕಂತೆ.

ಗಂಡ ಊಟಕ್ಕೆ ಬಂದಾಗ ಲೇಖನಿ ತಂದಿಟ್ಟ. “ಎಲ್ಲಾ ಪಾಲು ನನ್ನ ಹೆಸರಿಲೆ ಇದ್ರ ಚಲೋ ಕಾಣೂದಿಲ್ಲಂತ ಈ ವರ್ಷ ನಿನ್ನ ಹೆಸರಿಲೆ ಒಂದಿಷ್ಟು ಹಾಕೀನಿ. ಎಲ್ಲಾರೂ ಹಂಗಽ ಮಾಡ್ಯಾರ. ಇಲ್ಲೆ ಒಂದು ಸಹಿ ಮಾಡು.”

“ಸಭಾದಾಗ ಏನೈತ್ರಿ?”

“ಗಿರಣಿ ಬೆಳಸಬೇಕು, ಹೊಸಾ ಮಶೀನ ತರಬೇಕು. ನಾಕರಾಗ ಮೂರು ಪಾಲು ಒಪ್ಪಿಗಿ ಬೇಕು.”

“ಹಂಗಾರ ನಾನೂ ಕಂಪನಿ ಮಾಲಕಳೇನ್ರಿ?”

“ಕಾಗದದ ಮ್ಯಾಲೆ” ಎಂದು ಅವನು ನಕ್ಕ.

“ಹಂಗಾರ ಆ ಪರಾತ ನನ್ನ ಹೆಸರಿಲೂ ಹಿಡದಂಗಾತಲ್ರಿ” ಎಂದಳು ಬಾಳವ್ವ. ಸಹಿ ಮಾಡಲಿಲ್ಲ. ನಾಳೆ ನೋಡೋಣ ಎಂದು ಕಾಗದವನ್ನು ಸೆರಗಿಗೆ ಕಟ್ಟಿಕೊಂಡಳು.

ಮರುದಿನ ಅವಳು ಹೋದದ್ದು ಅಂದಾನಪ್ಪನವರ ಹೆಂಡತಿ ನೀಲವ್ವನ ಹತ್ತಿರ. ನೀಲವ್ವನಿಗೆ ಓದು ಬಾರದು. ಅಂಥದೇ ಕಾಗದ ಅವಳ ದೇವರ ಜಗಲಿಯ ಮೇಲೆ ಹೆಬ್ಬೆಟ್ಟಿಗೆ ಕಾಯುತ್ತ ಬಿದ್ದಿತ್ತು. ಅರವತ್ತು ಪಾಲು. ಬಾಳವ್ವ ಓದಿ ಹೇಳಿದಳು, ಆಮೇಲೆ ಪರಾತದ ಸಂಗತಿ ಹೇಳಿದಳು. ಬತ್ತಿಗೆ ಹತ್ತಿ ಬಿಡಿಸುತ್ತಿದ್ದ ನೀಲವ್ವ ತಲೆ ಎತ್ತಿದಳು.

“ಹಲ್ಲಿಲ್ಲದಾಕೀ ಅಂದೇನು?”

“ಹೌದ್ರಿ ಅತ್ತಿ.”

“ನನಗೂ ಇಲ್ಲ” ಎಂದಳು ನೀಲವ್ವ. ಬತ್ತಿಯ ಹತ್ತಿ ಕೆಳಗಿಟ್ಟು ಎದ್ದಳು.

ಇಬ್ಬರೂ ಕೂಡಿ ಆ ವಾರ ಪಾಲುದಾರರ ಮನೆಗಳಿಗೆ ಅರಿಷಿಣ ಕುಂಕುಮದ ನೆಪದಲ್ಲಿ ಹೋದರು. ಒಬ್ಬಳು ಅತ್ತೆಗೆ ಅಂಜಿದಳು. ಇನ್ನೊಬ್ಬಳು ಅಷ್ಟರಲ್ಲೇ ಸಹಿ ಮಾಡಿ ಕೊಟ್ಟುಬಿಟ್ಟಿದ್ದಳು. ಮೂವರು ಮಾತ್ರ, “ನೀವು ಹ್ಯಾಂಗೋ ನಾವೂ ಹಾಂಗಽ” ಎಂದರು. ಅಷ್ಟು ಸಾಕಾಯಿತು. ಆ ಐವರು ಒಲ್ಲೆವೆಂದರೆ ನಾಲ್ಕರಲ್ಲಿ ಮೂರು ಪಾಲು ತುಂಬುತ್ತಿರಲಿಲ್ಲ.

ಸಭೆ ಗಿರಣಿಯ ಅಟ್ಟದ ಮೇಲೆ. ಐವರು ಹೆಂಗಸರು ಸೆರಗು ಹೊದ್ದು ಮೆಟ್ಟಿಲು ಹತ್ತಿ ಬಂದರು. ಪ್ರಭುಲಿಂಗಪ್ಪ ಕಿಟಕಿಯತ್ತ ಮುಖ ತಿರುಗಿಸಿದ. ಅಂದಾನಪ್ಪನವರು ಹೆಂಡತಿಯನ್ನು ನೋಡಿ, ಬಾಳವ್ವನನ್ನು ನೋಡಿ, “ಬರ್ರಿ, ಕುಂದರ್ರಿ. ಏನು ಹೇಳೂದಿತ್ತವಾ?” ಎಂದರು.

ಬಾಳವ್ವ ತನ್ನ ಕಾಗದ ಮುಂದಿಟ್ಟಳು. “ಮಶೀನ ಬ್ಯಾಡ ಅನ್ನಾಕ ಬಂದಿಲ್ರಿ ಮಾವಾರ. ಹೊಲದಾಗ ಹೆಣ್ಮಕ್ಕಳ ಬಾಯಿ ಮುಕ್ಕಳಿಸಿ ನೋಡೂದು ಬಿಡಸ್ತೀವಿ ಅಂತ ಠರಾವ ಬರೀರಿ. ಕೂಸಿನ ತಾಯಂದಿರಿಗೆ ನೆರಳಿಗೆ ಒಂದು ಚಪ್ಪರ ಹಾಕಸ್ರಿ. ನಾವು ಈಗಿಂದೀಗ ಸಹಿ ಮಾಡ್ತೀವಿ.”

“ಕಾಳು ಕಳುವಾದ್ರ?” ಎಂದರು ಹಿಂದಿನಿಂದ ಯಾರೋ.

“ಮಧ್ಯಾಹ್ನಕ್ಕೊಂದು ಮುಟಗಿ ನಾವಽ ಕೊಡೂನ್ರಿ. ಕೊಟ್ಟದ್ದು ಕಳುವು ಆಗೂದಿಲ್ಲಲ್ರಿ.”

ಅಂದಾನಪ್ಪನವರು ಮುಕದ್ದಮನ ರಿವಾಜಿನ ಬಗ್ಗೆ, ಹಿಂದಿನಿಂದ ನಡೆದುಬಂದದ್ದರ ಬಗ್ಗೆ ಒಂದಿಷ್ಟು ಹೇಳಿದರು. ನೀಲವ್ವ ನೆಲ ನೋಡುತ್ತ ಕುಳಿತಳೇ ಹೊರತು ಏಳಲಿಲ್ಲ. ಕೊನೆಗೆ ಅವರು ಗುಮಾಸ್ತ ಗುರುಸಂಗಪ್ಪನ ಕಡೆ ತಿರುಗಿ, “ಬರಕೋ” ಎಂದರು. ಅವನು ಮಶೀನಿನ ಠರಾವಿಗೆ ಇದನ್ನೂ ಸೇರಿಸಿ ಬರೆದು ಗಟ್ಟಿಯಾಗಿ ಓದಿದ. ಬಾಳವ್ವ ಕೈಯಲ್ಲಿ ತೆಗೆದುಕೊಂಡು ತಾನೂ ಓದಿ, ಆಮೇಲೆ ಸಹಿ ಮಾಡಿದಳು.

ಪ್ರಭುಲಿಂಗಪ್ಪ ನಾಲ್ಕು ದಿನ ಮನೆಯಲ್ಲಿ ಮಾತಾಡಲಿಲ್ಲ. ಐದನೆಯ ದಿನ ಕೈಕಾಲು ತೊಳೆದು ಊಟಕ್ಕೆ ಕುಳಿತವನು, “ಹೊಲಕ್ಕ ಹೋಗಿದ್ದೆ. ಚಪ್ಪರ ಸಣ್ಣದಾಗೇತಿ, ಇನ್ನೊಂದು ಹಾಕ್ರಿ ಅಂತ ಹೇಳಿ ಬಂದೀನಿ” ಎಂದ. ಅಷ್ಟೇ.

ಮರುವರ್ಷ ಮಶೀನು ಬಂತು. ಅದು ಶೇಂಗಾ ಒಡೆಯುವ ಮಶೀನು. ಬಾಳವ್ವ ಅದನ್ನು ಎಣ್ಣೆಯ ಮಶೀನು ಎಂದೇ ತಿಳಿದಿದ್ದಳು. ಕೇಳಬೇಕೆಂದು ತೋಚಿರಲಿಲ್ಲ. ಕಾಯಿ ಹರಿಯುವ ಸುಗ್ಗಿ ಮುಗಿದ ಮೇಲೆ ನಾಲ್ಕು ತಿಂಗಳು ಒಡೆಯುವ ಕೆಲಸದಿಂದ ಉಣ್ಣುತ್ತಿದ್ದ ಐವತ್ತು ಹೆಂಗಸರು ಮನೆಗೆ ಹೋದರು.

ಸುದ್ದಿ ತಂದವಳೂ ಕರೆವ್ವನೇ. ಬಾಳವ್ವ ಅವಳನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿ, ಮನೆಗೆ ಹೋದವರ ಹೆಸರು ಒಂದೊಂದಾಗಿ ಕೇಳಿದಳು.

“ಮಶೀನ ಬರೂದು ಬರತಿತ್ತಕ್ಕಾ. ನೀ ಅಲ್ಲದಿದ್ರ ಮತ್ತೊಬ್ಬರು ಸಹಿ ಮಾಡ್ತಿದ್ರು.”

“ಮಾಡಿದ ಸಹಿ ನಂದಽ ಐತಿ” ಎಂದಳು ಬಾಳವ್ವ.

ಮುಂದಿನ ಸಭೆಗೆ ಅವಳು ಒಬ್ಬಳೇ ಹೋದಳು. ನೀಲವ್ವ ಹಾಸಿಗೆ ಹಿಡಿದಿದ್ದಳು. ಚೀಲ ಹೊಲಿಯಲು, ಕಾಳು ಹಸನು ಮಾಡಲು ಆ ಐವತ್ತು ಮಂದಿಯನ್ನೇ ತೆಗೆದುಕೊಳ್ಳಿರಿ ಎಂದು ಕೇಳಿದಳು. ಒಂದು ತಾಸು ವಾದವಾಗಿ ಹನ್ನೆರಡು ಮಂದಿಗೆ ಕೆಲಸ ಸಿಕ್ಕಿತು. ಅದರಲ್ಲಿ ಕರೆವ್ವ ಇರಲಿಲ್ಲ. ಅವಳು ಬೇಸಿಗೆಯ ಹೊತ್ತಿಗೆ ಗಂಡನೊಂದಿಗೆ ಶಿರೋಳಕ್ಕೆ ಹೋಗಿ ಅಣ್ಣಂದಿರ ಹೊಲದಲ್ಲಿ ದುಡಿಯತೊಡಗಿದಳು. ಬಾಳವ್ವ ಮಾತ್ರ ವರ್ಷವರ್ಷವೂ ಅಟ್ಟ ಹತ್ತುವುದನ್ನು ಬಿಡಲಿಲ್ಲ. ಗುರುಸಂಗಪ್ಪ ಒಂದೊಂದು ಠರಾವು ಓದಿದಾಗಲೂ, “ಇದರಿಂದ ಯಾರ ಕೆಲಸ ಹೋಕ್ಕೈತಿ, ಅದನ್ನ ಮೊದಲು ಹೇಳ್ರಿ” ಎಂದು ಕೇಳುವಳು. ಉತ್ತರ ಸಿಗುವವರೆಗೆ ಉಳಿದವರು ಕಾಯಬೇಕಾಗುತ್ತಿತ್ತು.